ಗುಬ್ಬಿ ಟೀಚರ್ ತಮಗೆ ತಾವೇ ಹಾಕಿಕೊಂಡ ಅಂಕ

ಕಾರ್ಯದರ್ಶಿಗಳ ಕೆಮ್ಮನ್ನು ಅವರೇ ನನ್ನ ಬೆನ್ನ ಹಿಂದೆ ನಿಂತಿರುವಾಗ ಕೆಮ್ಮಿದ್ದರಿಂದ ನನಗೆ ಈ ಕೆಲಸ ಬಿತ್ತು. ಶಾಲೆಯ ವಾರ್ಷಿಕೋತ್ಸವದ ತಾಲೀಮು ನಡೆಯುತ್ತಿತ್ತು. ನಮ್ಮ ವಿದ್ಯಾಸಂಸ್ಥೆಯ ಕಾರ್ಯದರ್ಶಿಗಳು ಮುಖ್ಯವಾದ ಯಾವ ಮಾತನ್ನೂ ಕೆಮ್ಮದೆ ಆರಂಭಿಸುವವರಲ್ಲ. ಎರಡು ಸಣ್ಣ ಕೆಮ್ಮು, ಒಂದು ಉದ್ದ, ಆಮೇಲೆ 'ನೋಡಿ'. ನಾನು ಹುಡುಗರಿಗೆ ಅದನ್ನು ಮಾಡಿ ತೋರಿಸುತ್ತಿದ್ದಾಗ ಹುಡುಗರು ನಗುವುದನ್ನು ತಟ್ಟನೆ ನಿಲ್ಲಿಸಿದರು. ತಿರುಗಿ ನೋಡಿದರೆ ಅಸಲಿ ಮಾಲು ಬಾಗಿಲಲ್ಲಿ ನಿಂತಿತ್ತು.

ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಬೈಯಲಿಲ್ಲ. "ನೀವು ಜನರನ್ನ ಚೆನ್ನಾಗಿ ಗಮನಿಸ್ತೀರಿ ಮೇಷ್ಟ್ರೇ. ನಾಳೆ ಆಫೀಸಿಗೆ ಬನ್ನಿ, ನಿಮಗೊಂದು ಕೆಲಸ ಇದೆ" ಎಂದು ಹೇಳಿ ಹೋದರು. ನಾನು ಆಗ ತುಮಕೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಶೆಟ್ಟಿಹಳ್ಳಿಯ ಬಾಡಿಗೆ ಕೋಣೆಯಲ್ಲಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಂದದ್ದು ಕೆಮ್ಮು, ಅದೂ ಅವರದೇ.

ಮರುದಿನ ಗೊತ್ತಾಯಿತು. ಬೆಂಗಳೂರಿನಲ್ಲಿ ಖಾಸಗಿ ಶಾಲೆಗಳ ಆಡಳಿತದವರಿಗೆಂದು ನಡೆದ ಒಂದು ಶಿಬಿರಕ್ಕೆ ಹೋಗಿದ್ದ ಕಾರ್ಯದರ್ಶಿಗಳು ಅಲ್ಲಿಂದ ಒಂದು ಫೈಲು ಮತ್ತು ಒಂದು ಪದ ತಂದಿದ್ದರು. ಪದ: ಸ್ವಮೌಲ್ಯಮಾಪನ. ತುಮಕೂರು, ಗುಬ್ಬಿ, ಕುಣಿಗಲ್ಲು, ಈ ಮೂರೂ ಊರುಗಳ ನಮ್ಮ ಹೈಸ್ಕೂಲುಗಳ ಮೇಷ್ಟ್ರುಗಳು ತಮ್ಮ ಕೆಲಸವನ್ನು ತಾವೇ ಅಳೆದುಕೊಳ್ಳಬೇಕು, ವೃತ್ತಿಯಲ್ಲಿ ಬೆಳೆಯಬೇಕು, ಅವರಲ್ಲಿ ನಾಯಕತ್ವ ಮೂಡಬೇಕು, ನಾಳಿನ ಹೆಡ್‌ಮಾಸ್ಟರುಗಳು ಒಳಗಿನಿಂದಲೇ ತಯಾರಾಗಬೇಕು. ಹಾಗೆ ಅಳೆಯಲು ಒಂದು ಸಾಧನ ಬೇಕು. ಹಲವು ಇವೆಯಂತೆ, ನಮಗೆ ಹೊಂದುವುದನ್ನು ಆರಿಸಿ ವರದಿ ಕೊಡಬೇಕು. ಅದಕ್ಕೊಂದು ಸಮಿತಿ. ಸಮಿತಿಯೆಂದರೆ ಅಧ್ಯಕ್ಷರಾಗಿ ನಮ್ಮ ತುಮಕೂರಿನ ಹೆಡ್‌ಮಾಸ್ಟರು, ಸದಸ್ಯನಾಗಿ ನಾನು. ಅಧ್ಯಕ್ಷರು ಕುರ್ಚಿ ಬಿಟ್ಟು ಏಳುವವರಲ್ಲವಾದ್ದರಿಂದ ಸ್ಟೆನ್ಸಿಲ್ ಕೊರೆಯುವುದು, ಸೈಕ್ಲೋಸ್ಟೈಲ್ ಉರುಳೆ ತಿರುಗಿಸುವುದು, ಬಸ್ಸಿನಲ್ಲಿ ನಿಂತು ಗುಬ್ಬಿಗೂ ಕುಣಿಗಲ್ಲಿಗೂ ಹೋಗಿಬರುವುದು ಸದಸ್ಯನ ಪಾಲು.

ಮೊದಲ ಸಾಧನ ಆ ಬೆಂಗಳೂರಿನ ಫೈಲಿನಲ್ಲಿಯೇ ಇತ್ತು. ಇಂಗ್ಲಿಷಿನಲ್ಲಿದ್ದ ಉದ್ದನೆಯ ಪ್ರಶ್ನಾವಳಿಯನ್ನು ಯಾರೋ ಕನ್ನಡಕ್ಕೆ ಎತ್ತಿ ಹಾಕಿದ್ದರು. 'ಒತ್ತಡದ ಸನ್ನಿವೇಶದಲ್ಲಿ ನಾನು ತಂಪಾಗಿರುತ್ತೇನೆ' ಎಂಬಂಥ ವಾಕ್ಯಗಳು; ಪಕ್ಕದಲ್ಲಿ 'ಪೂರ್ಣವಾಗಿ ಒಪ್ಪುತ್ತೇನೆ'ಯಿಂದ 'ಒಪ್ಪುವುದೇ ಇಲ್ಲ'ದವರೆಗೆ ಐದು ಚೌಕ. ತುಮಕೂರಿನ ಸ್ಟಾಫ್ ರೂಮಿನಲ್ಲಿ ಹಂಚಿದೆ. ನಮ್ಮ ಹಿಂದಿ ಪಂಡಿತರು ಒಂದೊಂದೇ ವಾಕ್ಯಕ್ಕೆ ತಲೆಯೆತ್ತಿ ನನ್ನ ಮುಖ ನೋಡಿದರು. "ಇದೇನ್ರೀ ಸೈನ್ಸು, ಮನುಷ್ಯನ್ನ ಕೇಳಿದ್ದೋ, ಮಣ್ಣಿನ ಹೂಜೀನೋ?" ನಮ್ಮಲ್ಲಿ ಮೇಷ್ಟ್ರುಗಳಿಗೆ ಹೆಸರಿಲ್ಲ. ನಾನು ಸೈನ್ಸು, ಅವರು ಹಿಂದಿ, ಡ್ರಿಲ್ ಮೇಷ್ಟ್ರು ಪೀಟಿ. ವಾಪಸ್ ಬಂದ ಹಾಳೆಗಳನ್ನು ನೋಡಿದರೆ ಮುಕ್ಕಾಲು ಪಾಲು ಗುರುತುಗಳು ನಡುವಿನ ಚೌಕದಲ್ಲಿದ್ದವು. 'ಹೇಳಲಾಗದು.' ಅದರಷ್ಟು ಸತ್ಯವಾದ ಉತ್ತರ ಬೇರೆ ಇರಲಿಲ್ಲ, ಆದರೆ ಅದರಿಂದ ಯಾರೂ ಬೆಳೆಯುವ ಹಾಗೂ ಇರಲಿಲ್ಲ.

ಎರಡನೆಯದು ವಾರಕ್ಕೊಂದು ಪುಟದ ಡೈರಿ. ಅಂಕವಿಲ್ಲ, ಚೌಕವಿಲ್ಲ. ಈ ವಾರ ನಡೆದ ಒಂದು ಘಟನೆ, ಅದರಲ್ಲಿ ನಾನು ಮಾಡಿದ್ದೇನು, ಮತ್ತೆ ಹಾಗೇ ಆದರೆ ಬೇರೆ ಏನು ಮಾಡುತ್ತೇನೆ, ಇಷ್ಟು ಬರೆಯಬೇಕು. ಬರೆದವರೇ ಇಟ್ಟುಕೊಳ್ಳಬೇಕು, ಇಷ್ಟವಿದ್ದರೆ ಒಬ್ಬ ಸ್ನೇಹಿತರಿಗೆ ತೋರಿಸಬಹುದು. ನನಗೆ ಇದು ಹಿಡಿಸಿತು. ಆದರೆ ಮೇಷ್ಟ್ರುಗಳು ಅದನ್ನು ಪಾಠ ಟಿಪ್ಪಣಿ ಬರೆದ ಹಾಗೆ ಬರೆದರು. 'ಉದ್ದೇಶ: ಶಿಸ್ತು ಮೂಡಿಸುವುದು. ಉಪಕರಣ: ಬೆತ್ತ.' ಸರಿಹೋಗಲು ಒಂದು ವರ್ಷವಾದರೂ ಬೇಕಿತ್ತು.

ಆಗ ಹೆಡ್‌ಮಾಸ್ಟರು ಕುರ್ಚಿಯಲ್ಲಿಯೇ ಹಿಂದಕ್ಕೆ ಒರಗಿ ಮೂರನೆಯದನ್ನು ಹುಟ್ಟಿಸಿದರು. "ನೋಡಯ್ಯ, ನಮ್ ಮೇಷ್ಟ್ರುಗಳಿಗೆ ನಿದ್ದೇಲೂ ಬರೋ ಕೆಲ್ಸ ಒಂದೇ. ಮಾರ್ಕ್ಸ್ ಹಾಕೋದು. ಅದನ್ನೇ ಕೊಡು. ಹತ್ತು ವಿಷಯ ಹಾಕು, ಒಂದೊಂದಕ್ಕೆ ಹತ್ತು. ಅವರಿಗೆ ಅವರೇ ಹಾಕ್ಕೊಳ್ಳಲಿ."

ಹತ್ತು ವಿಷಯ ಹಾಕಿದೆ. ಸಮಯಪಾಲನೆ, ಪಾಠದ ಸಿದ್ಧತೆ, ತರಗತಿಯ ಶಿಸ್ತು, ಇತರರ ಮಾತು ಕೇಳಿಸಿಕೊಳ್ಳುವುದು, ಹೀಗೆ ಸಾಗಿ ಕೊನೆಯಲ್ಲಿ ನಾಯಕತ್ವ. ಒಂದು ತಿಂಗಳ ನಂತರ ಅದನ್ನೇ ಮತ್ತೆ ಕೊಟ್ಟು, ಎರಡನ್ನೂ ಪಕ್ಕಪಕ್ಕ ಇಟ್ಟು, ಬರೆದವರು ತಮ್ಮನ್ನು ನೋಡಿಕೊಳ್ಳುವ ಕಣ್ಣು ಎಷ್ಟು ಬದಲಾಗಿದೆ ನೋಡುವುದು ನನ್ನ ಯೋಜನೆ. ಅದಕ್ಕಾಗಿ ಹಾಳೆಯ ಮೇಲೆ ಹೆಸರು ಬೇಕಿತ್ತು. ಹೆಸರು ಬೇಕೆಂದ ಮೇಲೆ ಒಂದು ಮಾತೂ ಕೊಡಬೇಕಿತ್ತು. ಕಾರ್ಯದರ್ಶಿಗಳನ್ನೇ ಕೇಳಿದೆ. ಅವರು ಕೆಮ್ಮಿ, "ನೋಡಿ, ಇದು ಅವರವರ ಏಳಿಗೆಗೆ. ಯಾರೂ ನೋಡಲ್ಲ ಅಂತ ಹೇಳಿ" ಎಂದರು. ನಾನು ಅದನ್ನು ಮೂರು ಊರಿನಲ್ಲೂ ಹೇಳಿದೆ.

ಗುಬ್ಬಿಗೆ ಹೋದ ದಿನದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಗುಬ್ಬಿಯ ಶಾಲೆಗೆ ಆಗ ಹೆಡ್‌ಮಾಸ್ಟರಿರಲಿಲ್ಲ. ಇದ್ದವರು ನಿವೃತ್ತರಾದ ಮೇಲೆ ಹುದ್ದೆ ಖಾಲಿ ಬಿದ್ದಿತ್ತು. ಶಾಲೆ ನಡೆಸುತ್ತಿದ್ದವರು ಕನ್ನಡದ ಟೀಚರ್. 'ಇನ್‌ಚಾರ್ಜ್' ಎಂದು ಕರೆಯುತ್ತಿದ್ದರು. ಜವಾಬ್ದಾರಿ ಎಲ್ಲ ಅವರದು, ಹುದ್ದೆ ಮಾತ್ರ ಅಲ್ಲ. ಹೆಡ್‌ಮಾಸ್ಟರ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರೂ ಹೆಡ್‌ಮಾಸ್ಟರ ಕುರ್ಚಿಯಲ್ಲಿ ಅವರು ಕೂತದ್ದಿಲ್ಲ. ಸ್ಟಾಫ್ ರೂಮಿನಿಂದ ತಮ್ಮ ಕುರ್ಚಿಯನ್ನೇ ತರಿಸಿ ಮೇಜಿನ ಪಕ್ಕಕ್ಕೆ ಹಾಕಿಕೊಂಡಿದ್ದರು. ಗೋಡೆಯ ಮೇಲೆ ಕರಿಯ ಹಲಗೆ, ಅದರಲ್ಲಿ ಬಿಳಿ ಬಣ್ಣದಲ್ಲಿ ಹಿಂದಿನ ಹೆಡ್‌ಮಾಸ್ಟರುಗಳ ಹೆಸರು. ಹೆಣ್ಣು ಹೆಸರು ಒಂದೂ ಇಲ್ಲ. ಕೊನೆಯ ಹೆಸರಿನ ಕೆಳಗಿನ ಖಾಲಿ ಜಾಗದ ಮೇಲೆ ಅವರ ಕಣ್ಣು ಹೋಗಿ ಬರುವುದನ್ನು ನಾನು ಗಮನಿಸಿದ್ದೇನೆ. ಗಮನಿಸುವುದೇ ನನ್ನ ಕಸುಬು.

ನನ್ನ ಮಿಮಿಕ್ರಿಯಲ್ಲಿ ಅತಿ ಹೆಚ್ಚು ಚಪ್ಪಾಳೆ ಬೀಳುತ್ತಿದ್ದದ್ದು ಇವರದಕ್ಕೇ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕೆಂಪು ಪೆನ್ನು ಎತ್ತಿ, ಪತ್ರಿಕೆಯನ್ನು ತೋಳಿನಷ್ಟು ದೂರ ಹಿಡಿದು, "ಪರ್ವಾಗಿಲ್ಲ. ಇನ್ನೂ ಸ್ವಲ್ಪ ಚೆನ್ನಾಗಿ ಬರೀಬಹುದಿತ್ತು." ಗುಬ್ಬಿಯಲ್ಲಿ ಇದನ್ನು ಕೇಳದೆ ಹತ್ತನೇ ತರಗತಿ ದಾಟಿದವರಿಲ್ಲ. ಅವರ ಪೆನ್ನು ಅರವತ್ತನ್ನು ದಾಟಿದ್ದೂ ಇಲ್ಲ. ಭಾಷೆಗೆ ಪೂರ್ತಿ ಅಂಕ ಕೊಡುವುದೆಂದರೆ ಮುಂದೆ ಕಲಿಯುವುದು ಏನೂ ಇಲ್ಲ ಎಂದು ಹೇಳಿದ ಹಾಗೆ, ಹಾಗೆ ಹೇಳಲು ನಾನ್ಯಾರು ಎನ್ನುತ್ತಿದ್ದರು.

ನಾನು ಒಳಗೆ ಹೋದಾಗ ಅವರ ಮುಂದೆ ಹಳ್ಳಿಯವರೊಬ್ಬರು ನಿಂತಿದ್ದರು. ಹತ್ತನೇ ತರಗತಿಯ ಮಗಳನ್ನು ಬಿಡಿಸಿಕೊಂಡು ಹೋಗಲು ಬಂದವರು. ಗಂಡು ನೋಡಿಯಾಗಿತ್ತು. ಟಿ.ಸಿ. ಕೇಳುತ್ತಿದ್ದರು.

"ಕೊಡಾಣಂತೆ, ಕೂತ್ಕೊಳಿ" ಎಂದರು ಟೀಚರ್. "ಆದ್ರೆ ಟಿ.ಸಿ. ಪುಸ್ತಕ ಬೀರುವಿನಲ್ಲೈತೆ. ಬೀರು ಬೀಗದ ಕೈ ಗುಮಾಸ್ತರ ಹತ್ರ. ಅವರು ತುಮಕೂರಿಗೋಗವ್ರೆ. ಸೋಮವಾರ ಬನ್ನಿ."

"ಹೋದ ಸೋಮವಾರವೂ ಹಿಂಗೇ ಅಂದ್ರಿ ಕಣವ್ವ."

"ಹೋದ ಸೋಮವಾರ ಪುಸ್ತಕ ಮುಗಿದೋಗಿತ್ತು. ಈಗ ಹೊಸದು ಬಂದೈತೆ. ಸುಧಾರಿಸ್ತಾ ಇದೀವಲ್ಲ."

ಆ ಮನುಷ್ಯ ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಟವೆಲ್ ಕೊಡವಿಕೊಂಡು ಹೋದರು. ಗುಮಾಸ್ತರು ಪಕ್ಕದ ಕೋಣೆಯಲ್ಲಿ ಹಾಜರಿ ಪುಸ್ತಕ ಬರೆಯುತ್ತಿದ್ದುದು ನನಗೆ ಕಾಣುತ್ತಿತ್ತು.

"ಏನೋ ಕಪಿ, ನಗ್ತಾ ನಿಂತಿದೀಯ" ಎಂದರು ಟೀಚರ್. ನನ್ನ ಮಿಮಿಕ್ರಿಗೆ ಅವರಿಟ್ಟ ಹೆಸರು ಅದು. "ಪರೀಕ್ಷೆ ತಂಕ ಹಿಂಗೇ ತಳ್ಳಬೇಕು. ಆ ಹುಡುಗಿ ಒಂದ್ಸಲ ಪಾಸಾಗ್ಲಿ. ಆಮೇಲೆ ಅವರಪ್ಪನ ಹತ್ರ ಮಾತಾಡಾಕೆ ನನಗೂ ಒಂದು ಬಾಯಿ ಬರ್ತದೆ."

ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಾಳೆ ಹಂಚಿ ವಿವರಿಸಿದೆ. "ಹೆಸರು ಯಾಕಪ್ಪ?" ಎಂದು ಕೇಳಿದವರು ಟೀಚರೇ. ತಿಂಗಳ ನಂತರ ಹೋಲಿಸುವುದಕ್ಕೆ, ಯಾರೂ ನೋಡಲ್ಲ ಟೀಚರ್, ಎಂದೆ. ಅವರು ಜಂಬದ ಚೀಲದಿಂದ ಕೆಂಪು ಪೆನ್ನನ್ನೇ ತೆಗೆದರು. ಒಂದೊಂದು ವಿಷಯದ ಮುಂದೆಯೂ ನಿಂತು, ಯೋಚಿಸಿ, ಅಂಕ ಹಾಕಿ, ಕೊನೆಗೆ ಕೂಡಿ, ಸುತ್ತ ವೃತ್ತ ಎಳೆದು, ಕೆಳಗೆ ಚಿಕ್ಕದಾಗಿ ಸಹಿ ಮಾಡಿದರು. ಸಹಿ ಯಾರೂ ಕೇಳಿರಲಿಲ್ಲ. ಐವತ್ತಾರು. ನಾಯಕತ್ವಕ್ಕೆ ಐದು.

"ಟೀಚರ್, ಇಷ್ಟಕ್ಕೆ ಪಾಸಾಗ್ತೀರಾ?"

"ನನ್ನ ಹತ್ರ ಐವತ್ತಾರು ತಗೊಂಡೋನು ತಾಲ್ಲೂಕಿಗೇ ಮೊದಲನೇವ್ನಾಗಿ ಬಂದವ್ನೆ ಕಣೋ" ಎಂದು ಕನ್ನಡಕದ ಮೇಲಿಂದ ನೋಡಿ ಹಾಳೆ ಕೊಟ್ಟರು. ಅವರ ಮುಖದಲ್ಲಿದ್ದದ್ದು ಸಂಕೋಚವಲ್ಲ. ತಮಗೆ ತಾವು ಒಳ್ಳೆಯ ಅಂಕವನ್ನೇ ಕೊಟ್ಟುಕೊಂಡೆವು ಎಂಬ ಸಣ್ಣ ಹೆಮ್ಮೆ.

ಮಾರನೆಯ ವಾರ ಕುಣಿಗಲ್ಲು. ಅಲ್ಲಿ ಹಿರಿಯರೆಂದರೆ ಗಣಿತದ ಮೇಷ್ಟ್ರು. ಕೆಟ್ಟವರಲ್ಲ. ಹೊತ್ತಿಗೆ ಸರಿಯಾಗಿ ಬರುವ, ಹೊತ್ತಿಗೆ ಸರಿಯಾಗಿ ಹೋಗುವ ಮನುಷ್ಯ. ಹಾಳೆ ಕೊಟ್ಟ ಕೂಡಲೇ ಜೋರಾಗಿಯೇ ಶುರುಮಾಡಿದರು. "ಟೈಮಿಗೆ ಬರ್ತೀನಾ? ಬರ್ತೀನಿ. ಹತ್ತು. ಪೋರ್ಷನ್ ಮುಗಿಸ್ತೀನಾ? ಮುಗಿಸ್ತೀನಿ. ಹತ್ತು. ಕ್ಲಾಸಲ್ಲಿ ಗಲಾಟೆ ಐತಾ? ಇಲ್ಲ. ಹತ್ತು."

"ಸಾರ್, ಒಂದರಲ್ಲಾದರೂ ಸ್ವಲ್ಪ ಕಮ್ಮಿ…"

"ಯಾಕ್ರೀ ಸೈನ್ಸು? ಸ್ಟೆಪ್ಪೂ ಸರಿ, ಉತ್ತರವೂ ಸರಿ. ಕಟ್ ಮಾಡಕ್ಕೆ ಕಾರಣ ಬೇಡವಾ?" ಇತರರ ಮಾತು ಕೇಳಿಸಿಕೊಳ್ಳುವುದು ಎಂಬಲ್ಲಿ ಮಾತ್ರ ತಡೆದು ಎಂಟು ಹಾಕಿದರು. ಎಡಗಿವಿ ಸ್ವಲ್ಪ ಮಂದವಂತೆ. ತೊಂಬತ್ತೆಂಟು.

ಕುಣಿಗಲ್ಲಿನಿಂದ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ತೊಡೆಯ ಮೇಲೆ ಹಾಳೆಗಳನ್ನು ಹರಡಿಕೊಂಡು, ಹೊತ್ತು ಹೋಗಲೆಂದು, ಊರಿನ ಲೆಕ್ಕದಲ್ಲಿ ಜೋಡಿಸುವ ಬದಲು ವಿಷಯದ ಲೆಕ್ಕದಲ್ಲಿ ಜೋಡಿಸಿದೆ. ಕನ್ನಡದವರೆಲ್ಲ ಒಂದು ಕಡೆ, ಗಣಿತದವರೆಲ್ಲ ಒಂದು ಕಡೆ. ನಗು ಬಂತು. ಆಮೇಲೆ ನಿಂತುಹೋಯಿತು. ಮೂರು ಊರಿನ ಕನ್ನಡ, ಸಂಸ್ಕೃತ, ಹಿಂದಿಯವರು ಒಬ್ಬರೂ ಅರವತ್ತು ದಾಟಿರಲಿಲ್ಲ. ಗಣಿತದವರು ಒಬ್ಬರೂ ತೊಂಬತ್ತರ ಕೆಳಗಿಳಿದಿರಲಿಲ್ಲ. ಸಮಾಜ ಪಾಠದವರು ಪುಟ ತುಂಬಿದ್ದಕ್ಕೆ ಕೊಡುವ ಹಾಗೆ ಸುಮ್ಮನೆ ಎಲ್ಲದಕ್ಕೂ ಏಳು ಹಾಕಿದ್ದರು. ವಿಜ್ಞಾನದವರು ಚಿತ್ರಕ್ಕೆ ಹೆಸರು ಬರೆಯದಿದ್ದರೆ ಅರ್ಧ ಕಳೆಯುವವರು. ತಮ್ಮದರಲ್ಲೂ ಅರ್ಧರ್ಧ ಕಳೆದುಕೊಂಡಿದ್ದರು. ಎಲ್ಲರನ್ನೂ ಬಲ್ಲೆ ಎಂದು ತಿರುಗುತ್ತಿದ್ದ ನಾನು ನನಗೆ ಎಪ್ಪತ್ತಮೂರೂವರೆ ಹಾಕಿಕೊಂಡಿದ್ದೆ. ಆ ಅರ್ಧ ಯಾವುದರದ್ದೆಂದು ಇವತ್ತಿಗೂ ಗೊತ್ತಿಲ್ಲ.

ಯಾರೂ ತಮ್ಮನ್ನು ಅಳೆದುಕೊಂಡಿರಲಿಲ್ಲ. ಇಷ್ಟು ವರ್ಷ ಮಕ್ಕಳ ಪತ್ರಿಕೆಗಳ ಮೇಲೆ ಓಡಿದ ಕೈ ಅದೇ ಅಭ್ಯಾಸದಲ್ಲಿ ಇನ್ನೊಂದು ಪತ್ರಿಕೆಯ ಮೇಲೆ ಓಡಿತ್ತು, ಅಷ್ಟೆ. ಕನ್ನಡದ ಐವತ್ತಾರು, ಗಣಿತದ ತೊಂಬತ್ತೆಂಟು ಎರಡೂ 'ಚೆನ್ನಾಗಿದೆ' ಎಂಬ ಒಂದೇ ಮಾತು. ಒಂದು ತಕ್ಕಡಿಯಲ್ಲಿ ಇಡುವಂಥವಲ್ಲ.

ಹೆಡ್‌ಮಾಸ್ಟರಿಗೆ ಕೋಷ್ಟಕ ಹಾಕಿ ತೋರಿಸಿದೆ. ಅವರು ಇತಿಹಾಸದವರು, ತಮ್ಮ ಏಳುಗಳ ಸಾಲು ನೋಡಿ ಮೀಸೆಯಡಿ ನಕ್ಕರು. ಮನುಷ್ಯ ಸೋಮಾರಿ, ಆದರೆ ದಡ್ಡನಲ್ಲ. "ಇದು ಕೆಲ್ಸಕ್ಕೆ ಬರಲ್ಲ ಕಣಯ್ಯ. ಡೈರೀನೇ ಇರ್ಲಿ. ನಿಧಾನ ಆದ್ರೂ ಪರವಾಗಿಲ್ಲ, ಸುಳ್ಳು ಹೇಳಲ್ಲ." ಆ ಸಂಜೆಯೇ ನಿರ್ಧಾರವಾಯಿತು. ಡೈರಿಯನ್ನು ಆರಿಸಿದ್ದೇವೆ, ಅಂಕದ ಹಾಳೆ ಪ್ರಯೋಗಕ್ಕಷ್ಟೇ ಕೊಟ್ಟದ್ದು, ವಿಷಯ ವಿಷಯಕ್ಕೆ ಅಂಕ ಹಾಕುವ ರೂಢಿ ಬೇರೆಯಾದ್ದರಿಂದ ಅದನ್ನು ಯಾವ ಹೋಲಿಕೆಗೂ ಬಳಸಬಾರದು. ಇದನ್ನು ಅವರೇ ಕೈಯಾರೆ ಬರೆದರು. ಅಡಿಗೆರೆಯನ್ನೂ ಎಳೆದರು. ನಾನು ಸ್ಟೆನ್ಸಿಲ್ ಮಾಡಿದೆ.

ಪ್ರಯೋಗದ ಹಾಳೆಗಳನ್ನು ಅವರವರಿಗೇ ವಾಪಸ್ ಕೊಟ್ಟುಬಿಡೋಣ ಸಾರ್ ಎಂದೆ.

"ವರದಿ ಜೊತೆ ಅಡಕ ಹೋಗಬೇಕಲ್ಲಯ್ಯ. ಪ್ರಯೋಗ ಮಾಡಿದ್ವಿ ಅಂತೀವಿ, ಎಲ್ಲಿ ಅಂತ ಕೇಳಿದ್ರೆ?"

"ಯಾರೂ ನೋಡಲ್ಲ ಅಂತ ಹೇಳಿದೀನಿ ಸಾರ್."

"ಕಾರ್ಯದರ್ಶಿಗಳೇ ಹೇಳಿಸಿದ್ದು ತಾನೇ? ಅವರೇ ಯಾಕೆ ನೋಡ್ತಾರೆ? ಟ್ಯಾಗ್ ಹಾಕು."

ಮತ್ತೆ ವಾದಿಸಿದೆ. "ನಿಂದು ಪ್ರೊಬೇಷನ್ ಮುಗಿದಿಲ್ಲ ಅಲ್ವಾ?" ಎಂದರು, ಗದರಿಸುವ ದನಿಯಲ್ಲಲ್ಲ, ನೆನಪು ಮಾಡಿಕೊಡುವ ದನಿಯಲ್ಲಿ. ಹಾಳೆಗಳನ್ನು ವರದಿಯ ಹಿಂದೆ ಸೇರಿಸಿ ಟ್ಯಾಗ್ ಹಾಕಿದೆ.

ಆಮೇಲಿನದು ತಡವಾಗಲಿಲ್ಲ. ಆಡಳಿತ ಮಂಡಳಿಯ ಸಭೆಯಲ್ಲಿ ಗುಬ್ಬಿಯ ಹೆಡ್‌ಮಾಸ್ಟರ ಹುದ್ದೆ ತುಂಬುವ ವಿಷಯ ಬಂದಿತು. ಕನ್ನಡದ ಟೀಚರ್, ಕುಣಿಗಲ್ಲಿನ ಗಣಿತದ ಮೇಷ್ಟ್ರು, ಇಬ್ಬರ ಹೆಸರು. ಸೇವಾವಧಿ ಹೆಚ್ಚುಕಡಿಮೆ ಒಂದೇ. ಅಂಕದ ಹಾಳೆಗಳನ್ನು ನೋಡಿ ಗಣಿತದವರ ಹೆಸರು ಒಪ್ಪಿದರೆಂದು ಮಾರನೆಯ ದಿನ ಹೆಡ್‌ಮಾಸ್ಟರೇ ನನಗೆ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಾನು ನೇರ ತುಮಕೂರಿನ ಸದಾಶಿವನಗರದಲ್ಲಿದ್ದ ಕಾರ್ಯದರ್ಶಿಗಳ ಮನೆಗೆ ಹೋದೆ. ಅವರು ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ಕಾಫಿ ತರಿಸಿದರು. ವರದಿ ಬಹಳ ಚೆನ್ನಾಗಿದೆ, ಡೈರಿ ಜೂನ್‌ನಿಂದಲೇ ಜಾರಿ ಎಂದರು.

"ಸಾರ್, ಆ ಅಂಕದ ಹಾಳೆ ಬಳಸಬಾರದು ಅಂತ ವರದಿಯಲ್ಲೇ ಬರೆದಿದ್ವಿ."

ಎರಡು ಸಣ್ಣ ಕೆಮ್ಮು. ಒಂದು ಉದ್ದ. "ನೋಡಿ. ಆಕೆಗೆ ನಾಯಕತ್ವದಲ್ಲಿ ಐದು ಕೊಟ್ಟೋರು ಯಾರು? ನಾನಾ? ಮಂಡಳಿನಾ? ಆಕೆಯೇ. ಸಹಿ ಬೇರೆ ಮಾಡಿದ್ದಾರೆ. ತನ್ನ ಮೇಲೆ ತನಗೇ ನಂಬಿಕೆ ಇಲ್ಲದೋರನ್ನ ಮಂಡಳಿ ಹೆಂಗೆ ನಂಬುತ್ತೆ ಹೇಳಿ."

"ಅವರು ಯಾರಿಗೂ ಅರವತ್ತರ ಮೇಲೆ ಕೊಡೋರಲ್ಲ ಸಾರ್. ಅದು ಅವರ ರೂಢಿ."

"ಇರಬಹುದು. ಕಾಗದದಲ್ಲಿ ರೂಢಿ ಬರೆದಿಲ್ಲವಲ್ಲ." ಪೇಪರ್ ಮಡಿಸುತ್ತಾ ಸೇರಿಸಿದರು: "ಆರ್ಡರ್ ಇನ್ನೂ ಟೈಪಾಗಿಲ್ಲ. ತಪ್ಪಾಗಿ ಹಾಕ್ಕೊಂಡೆ ಅಂತ ಆಕೆಯೇ ಇನ್ನೊಂದು ಹಾಳೆ ಬರೆದುಕೊಟ್ಟರೆ ನೋಡೋಣ. ನನಗೇನೂ ದ್ವೇಷ ಇಲ್ಲ."

ಆ ಕೆಮ್ಮನ್ನು ನಾನು ಎಷ್ಟೋ ಸಲ ಕೆಮ್ಮಿದ್ದೇನೆ. ಅದರೊಳಗೆ ಹೀಗೊಬ್ಬ ಮನುಷ್ಯ ಕೂತಿದ್ದಾನೆಂದು ಹೊಳೆದಿರಲಿಲ್ಲ. ಮಿಮಿಕ್ರಿಯವರ ಬಂಡವಾಳ ಇಷ್ಟೇ. ಗಂಟಲು ಸಿಗುತ್ತದೆ, ಅದರ ಕೆಳಗಿನದು ಸಿಗುವುದಿಲ್ಲ.

ಖಾಲಿ ಹಾಳೆ ಹಿಡಿದು ಗುಬ್ಬಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರನ್ನು ನಗಿಸಿ ಒಪ್ಪಿಸುವ ಮಾತುಗಳನ್ನು ಕಟ್ಟಿಕೊಂಡೆ. ಅಲ್ಲಿ ಕೂತ ಮೇಲೆ ಒಂದೂ ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಕೊನೆಯವರೆಗೂ ಕೇಳಿದರು. "ಯಾರೂ ನೋಡಲ್ಲ ಅಂದಿದ್ದೆ ನೀನು" ಎಂದರು.

"ಅಂದಿದ್ದೆ ಟೀಚರ್. ಕಾರ್ಯದರ್ಶಿಗಳು ಹಾಗೇ ಹೇಳಕ್ಕೆ ಹೇಳಿದ್ರು."

"ಓಹೋ. ಯಾರ ದನೀಲಿ ಮಾತಾಡ್ತಾ ಇದೀಯ ಅಂತ ಆವತ್ತು ನಂಗೆ ಗೊತ್ತಾಗ್ಲಿಲ್ಲ ನೋಡು. ಅಷ್ಟು ಚೆನ್ನಾಗಿ ಮಾಡ್ತೀಯ."

ಕೆನ್ನೆಗೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು ಸರಿಸಿದೆ. "ಹೊಸದಾಗಿ ಹಾಕ್ಕೊಡಿ ಟೀಚರ್. ನಾಯಕತ್ವಕ್ಕೆ ಒಂಬತ್ತೋ ಹತ್ತೋ. ಅವರು ನೋಡೋದು ಮೊತ್ತ ಒಂದನ್ನೇ. ಗಣಿತದವರು ತೊಂಬತ್ತೆಂಟು ಹಾಕ್ಕೊಂಡವ್ರೆ."

"ಅವರು ಲೆಕ್ಕದೋರು. ಅವರ ಪದ್ಧತಿ ಅವರಿಗೆ."

"ನಿಮಗೆ ಆ ಜಾಗ ಬೇಡ್ವಾ?"

ಅವರು ಗೋಡೆಯ ಹಲಗೆಯತ್ತ ನೋಡಲಿಲ್ಲ. ನೋಡದಿರಲು ಪ್ರಯತ್ನಪಡುತ್ತಿದ್ದುದು ಕಾಣುತ್ತಿತ್ತು. "ಬೇಕು ಕಣಪ್ಪ. ಯಾಕೆ ಬೇಡ? ಇಷ್ಟು ದಿನ ಈ ಮೂಲೆ ಕುರ್ಚೀಲಿ ಕೂತಿದ್ದು ಇನ್ಯಾತಕ್ಕೆ?" ಕೆಂಪು ಪೆನ್ನನ್ನು ಕೈಗೆತ್ತಿಕೊಂಡರು. ನನಗೆ ಆಸೆ ಹುಟ್ಟಿತು. ಮುಚ್ಚಳ ತೆಗೆದರು. ಮತ್ತೆ ಹಾಕಿದರು.

"ಪಬ್ಲಿಕ್ ಪರೀಕ್ಷೆ ವ್ಯಾಲ್ಯುಯೇಷನ್‌ಗೆ ಹೋಗ್ತೀವಲ್ಲ, ಅಲ್ಲಿ ಒಂದ್ಸಲ ಹಾಕಿದ ಅಂಕ ತಿದ್ದಬೇಕಾದ್ರೆ ಪಕ್ಕದಲ್ಲಿ ಚೀಫ್ ಎಗ್ಸಾಮಿನರ್ ಸಹಿ ಬೇಕು. ಇಲ್ದಿದ್ರೆ ಕಳ್ಳತನ ಅಂತಾರೆ. ಇದಕ್ಕೆ ಚೀಫ್ ಯಾರು? ನೀನಾ?" ಹಾಳೆಯನ್ನು ನನ್ನ ಕಡೆಗೇ ಸರಿಸಿದರು. "ಐವತ್ತಾರು ಸುಳ್ಳಲ್ಲ ಕಣೋ. ನಾನು ಕೂತು ಯೋಚ್ನೆ ಮಾಡಿ ಹಾಕಿದ್ದು. ಈಗ ಕುರ್ಚಿಗೋಸ್ಕರ ತೊಂಬತ್ತು ಮಾಡಿದ್ರೆ, ಇಷ್ಟು ವರ್ಷ ನಾನು ಕೆಂಪು ಶಾಯೀಲಿ ಹಾಕಿದ್ದೆಲ್ಲ ಏನಾಯ್ತು? ಆ ಮಕ್ಕಳು ಬಂದು ನಮ್ದೂ ತಿದ್ದಿ ಅಂದ್ರೆ?"

"ಟೀಚರ್, ಅದಕ್ಕೂ ಇದಕ್ಕೂ…"

"ಒಂದೇ ಪೆನ್ನು" ಎಂದರು. "ನಡಿ, ಬಸ್ಸು ತಪ್ಪುತ್ತೆ."

ಆರ್ಡರ್ ಟೈಪಾಯಿತು. ಜೂನ್‌ನಲ್ಲಿ ಗಣಿತದ ಮೇಷ್ಟ್ರು ಗುಬ್ಬಿಗೆ ಬಂದು ಅಧಿಕಾರ ವಹಿಸಿಕೊಂಡರು. ಟೀಚರ್ ಬೀಗದ ಕೈಗಳನ್ನು ಒಪ್ಪಿಸಿ, ತಮ್ಮ ಕುರ್ಚಿಯನ್ನು ಜವಾನನ ಕೈಲಿ ಎತ್ತಿಸಿ ಸ್ಟಾಫ್ ರೂಮಿಗೆ ಕಳಿಸಿದರಂತೆ. ಪೇಂಟರ್ ಬಂದು ಹಲಗೆಯ ಖಾಲಿ ಜಾಗದಲ್ಲಿ ಹೊಸ ಹೆಸರು ಬರೆದ. ಅಪ್ಪ ಬಿಡಿಸಿಕೊಂಡು ಹೋಗಲು ಬಂದಿದ್ದ ಆ ಹತ್ತನೇ ತರಗತಿಯ ಹುಡುಗಿ ಮಾತ್ರ ಇನ್ನೂ ಶಾಲೆಯಲ್ಲಿದ್ದಳು. ಗಣಿತದಲ್ಲಿ ಫೇಲಾಗಿ ಅದೇ ತರಗತಿಯಲ್ಲಿ ಮತ್ತೆ ಕೂತಿದ್ದಳು. ಅಪ್ಪ ಮತ್ತೆ ಟಿ.ಸಿ.ಗೆ ಬಂದಿದ್ದಾಗ, ಹೊಸ ಹೆಡ್‌ಮಾಸ್ಟರು ಬೀರು ತೆಗೆದು ಪುಸ್ತಕ ಹುಡುಕುವಷ್ಟರಲ್ಲಿ ಟೀಚರ್ ಆತನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಅರ್ಧ ವಾರ್ಷಿಕ ಪರೀಕ್ಷೆಯವರೆಗೆ ತಡೆಯಿರಿ, ಅದರಲ್ಲಿ ಒಳ್ಳೆ ಅಂಕ ಬರದಿದ್ದರೆ ನಾನೇ ಕಳಿಸಿಕೊಡುತ್ತೇನೆ ಎಂದು ಒಪ್ಪಿಸಿದ್ದರು.

ಡೈರಿ ಜಾರಿಗೆ ಬಂತು. ಹೊಸ ಹೆಡ್‌ಮಾಸ್ಟರು ಶಿಸ್ತಿನ ಮನುಷ್ಯ. ಶನಿವಾರ ಮಧ್ಯಾಹ್ನ ಎಲ್ಲರ ಡೈರಿಯನ್ನೂ ತರಿಸಿಕೊಂಡು ಪ್ರತಿ ಪುಟದ ಕೆಳಗೂ 'ನೋಡಿದೆ' ಎಂದು ಸಹಿ ಹಾಕತೊಡಗಿದರು. ಇದು ಅವರವರಿಗೆ ಮಾತ್ರ ಸಾರ್ ಎಂದು ನಾನು ಹೇಳಿದಾಗ, "ಅಲ್ರೀ ಸೈನ್ಸು, ಸಹಿ ಇಲ್ದೆ ಬರೆದಿದ್ದಾರೆ ಅಂತ ಹೆಂಗೆ ಗೊತ್ತಾಗ್ಬೇಕು?" ಎಂದರು. ಅಂಕದ ಹಾಳೆಯ ಬಗ್ಗೆಯೂ ಒಮ್ಮೆ ಅವರೇ ಬಾಯಿಬಿಟ್ಟರು. "ನಾನೇನು ಮೋಸ ಮಾಡ್ಲಿಲ್ಲ. ಲೆಕ್ಕ ಮಾಡಿ ಹಾಕ್ಕೊಂಡೆ. ಬಂದಿದ್ದನ್ನ ಬೇಡ ಅನ್ನಕ್ಕಾಗುತ್ತಾ?" ಅದೂ ನಿಜವೇ. ಈ ಕಥೆಯಲ್ಲಿ ಸುಳ್ಳು ಅಂಕ ಹಾಕಿಕೊಂಡವರು ಯಾರೂ ಇಲ್ಲ. ಅದೇ ನನಗೆ ಗಂಟಲಲ್ಲಿ ಸಿಕ್ಕಿಕೊಂಡಿರುವುದು.

ನನ್ನ ನೌಕರಿ ಕಾಯಂ ಆಯಿತು. ಸಾಧನ ಆಯ್ಕೆ ಸಮಿತಿಯ ಕೆಲಸ ಮೆಚ್ಚಿ, ಎಂದು ಪತ್ರದಲ್ಲಿತ್ತು.

ಅರ್ಧ ವಾರ್ಷಿಕ ಪರೀಕ್ಷೆ ಮುಗಿದ ಮೇಲೆ, ಡೈರಿ ಹೇಗೆ ನಡೆಯುತ್ತಿದೆಯೆಂದು ನೋಡಿಬರಲು ಗುಬ್ಬಿಗೆ ಹೋದೆ. ಟೀಚರ್ ಸ್ಟಾಫ್ ರೂಮಿನ ಕಿಟಕಿಯ ಪಕ್ಕ ಕೂತು ಕನ್ನಡ ಪತ್ರಿಕೆ ತಿದ್ದುತ್ತಿದ್ದರು. ನನ್ನನ್ನು ನೋಡಿ ಬಾ ಎಂದರು, ಕಪಿ ಎನ್ನಲಿಲ್ಲ. ವಾರ್ಷಿಕೋತ್ಸವ ಹತ್ತಿರ ಬಂತಲ್ಲ, ಈ ಸಲ ನಿಮ್ಮ ಮಿಮಿಕ್ರಿಯನ್ನು ನಾನು ಗುಬ್ಬಿಯಲ್ಲೇ ಮಾಡಬೇಕಂತೆ, ಹುಡುಗರು ಕೇಳ್ತಾ ಇದಾರೆ ಎಂದೆ. ಹಳೆಯ ಸಲಿಗೆ ಮತ್ತೆ ಬರಲಿ ಎಂದು ಕನ್ನಡಕ ಮೂಗಿಗೆ ಇಳಿಸುವ ಹಾಗೆ ಬೆರಳನ್ನೂ ಆಡಿಸಿದೆ.

"ಆ ಐಟಂ ಬುಟ್ಬುಡು" ಎಂದರು ತಲೆಯೆತ್ತದೆ. "ಆ ಟೀಚರ್ ಈಗಿಲ್ಲ."

ಒಂದು ಪತ್ರಿಕೆಯನ್ನು ನನ್ನ ಕಡೆಗೆ ತಳ್ಳಿದರು. ಆ ಹುಡುಗಿಯದು. ಮೊದಲ ಪುಟದಲ್ಲಿ, ಅದೇ ಕೆಂಪು ಶಾಯಿಯ ವೃತ್ತದೊಳಗೆ ತೊಂಬತ್ತೊಂದು. ಕೆಳಗೆ ಅದೇ ಚಿಕ್ಕ ಸಹಿ.

"ಅವರಪ್ಪ ನಾಳೆ ಬರ್ತಾನೆ" ಎಂದರು. "ಪ್ರಬಂಧ ಓದಲ್ಲ. ಮಾರ್ಕ್ಸ್ ನೋಡ್ತಾನೆ. ಎಲ್ಲಾರೂ ಅಷ್ಟೇ ನೋಡೋದು ಅಂತ ನಂಗೆ ಗೊತ್ತಿರ್ಲಿಲ್ಲ."

ಮುಂದಿನ ಪತ್ರಿಕೆ ತೆಗೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ನಾನು ಆ ಹುಡುಗಿಯ ಪುಟಗಳನ್ನು ಒಂದೊಂದಾಗಿ ತಿರುವಿ ನೋಡಿದೆ. ಪರವಾಗಿಲ್ಲ. ಇನ್ನೂ ಸ್ವಲ್ಪ ಚೆನ್ನಾಗಿ ಬರೆಯಬಹುದಿತ್ತು.